ಬಡಿ

ಹಿರಿಯೂರಿನಿಂದ ವರ್ಗವಾಗಿ
ಬಾಗೇಪಲ್ಲಿ ದಾಟಿ, ಗಡಿಯಂಚಿನ ಈ ಎರಡು ಕೋಣೆಗೆ ಬಂದ
ಮೊದಲ ಸೋಮವಾರ
ಅಕ್ಕುಲಮ್ಮ ಮೊಮ್ಮಗನ ರಟ್ಟೆ ಹಿಡಿದು ತಂದು
ಬಾಗಿಲಲ್ಲಿ ನಿಲ್ಲಿಸಿ
ಒಂದೇ ಮಾತು ಅಂದಳು: ಬಡಿ.

ಹುಡುಗ ಓಬುಲೇಶ. ಚಡ್ಡಿಗೆ ಉಡದಾರವೇ ಬೆಲ್ಟು.
ಕಣ್ಣಲ್ಲಿ ಆಗಲೇ ನೀರು.
ನನಗೆ ಗೊತ್ತಿದ್ದದ್ದು ಒಂದೇ ಬಡಿ:
ರಾಗಿ ತೆನೆಗೆ, ತಮಟೆಗೆ,
ಒಗೆಯೋ ಕಲ್ಲಿನ ಮೇಲಿನ ಸೀರೆಗೆ.
‘ಯಾಕಮ್ಮ, ಏನು ಮಾಡಿದಾನೆ ಪಾಪ?’
ಅವಳು ಮತ್ತೆ, ಕಿವುಡಿಗೆ ಹೇಳಿದಂತೆ, ಕೈಚಾಚಿ
ಗೋಡೆ ತೋರಿಸಿ, ಗಂಟೆ ತೋರಿಸಿ:
ಬಡಿ! ಬಡಿ!

ಹಿಂದಿನ ಮೇಷ್ಟ್ರು ಬಿಟ್ಟುಹೋದ ಹುಣಸೆ ಬರಲನ್ನು
ನಾನು ಮೆಲ್ಲಗೆ ಕಾಲಲ್ಲಿ
ಬೀರುವಿನಡಿಗೆ ತಳ್ಳಿದೆ.

ಒಲೆ ಬಿಟ್ಟು ಓಡಿಬಂದ ಸೆಲ್ವಿಯಕ್ಕ
ಬಿದ್ದು ಬಿದ್ದು ನಕ್ಕಳು. ಬೇತಮಂಗಲದ ಕಡೆಯವಳು,
ಇಲ್ಲಿಗೆ ಮದುವೆಯಾಗಿ ಬಂದವಳು.
‘ಬಡಿ ಅಂದ್ರೆ ಇಸ್ಕೂಲು ಮೇಡಂ, ತೆಲುಗಲ್ಲಿ.
ನಮ್ಮಮ್ಮನ ಮನೇಲಿ ಪಳ್ಳಿ ಅಂತೀವಿ.’
ಕೈಯ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

ಪಳ್ಳಿ.
ಬಾಡಿಗೆ ಕೋಣೆಯಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ.
ಪಾಲು ಹಾಲಾದ, ಪುಲಿ ಹುಲಿಯಾದ ಅದೇ ದಾರಿಯಲ್ಲಿ
ಪಳ್ಳಿಯೂ ನಡೆದು ಬಂದು
ನಮ್ಮಲ್ಲಿ ಹಳ್ಳಿಯಾಗಿ ಕೂತಿದೆ.
ಬಾಗೇಪಲ್ಲಿಯ ಬಾಲದಲ್ಲಿ ಇನ್ನೂ ಬಟ್ಟೆ ಬದಲಿಸಿಲ್ಲ.
ಹಿಂದೆ ಅಲ್ಲಿ ಮುನಿಗಳು ಮಲಗುತ್ತಿದ್ದರಂತೆ,
ಬೆಳಗಾದರೆ ಮಕ್ಕಳು ಬಂದು ಮರಳ ಮೇಲೆ ಬೆರಳಾಡಿಸುತ್ತಿದ್ದರೋ ಏನೋ.
ಹಂಚಿಕೆಯಲ್ಲಿ
ಅವರು ಪಾಠ ಇಟ್ಟುಕೊಂಡರು, ನಾವು ಊರು.

ಬಡಿಯ ಬೇರು ಮಾತ್ರ ಸಿಗಲಿಲ್ಲ.
ಹೆಡ್ಮಾಸ್ಟರು ಮುನಿಶಾಮಪ್ಪನವರನ್ನು ಕೇಳಿದೆ.
ಬೆನ್ನು ತಿರುಗಿಸಿ, ‘ಇಲ್ಲಿದೆ ನೋಡಿ,
ಐವತ್ತೆಂಟನೇ ಇಸವೀದು’ ಅಂದರು.
ನಗಲೋ ಬೇಡವೋ ತಿಳಿಯಲಿಲ್ಲ.

ಓಬುಲೇಶ ಈಗ ಮೂರನೇ ಕ್ಲಾಸು.
ಮನೆಯಲ್ಲಿ ಒಂದು, ಇಲ್ಲಿ ಒಂದು, ಊಟದ ಸಾಲಿನಲ್ಲಿ ಮತ್ತೊಂದು,
ನಾಲಿಗೆ ಎಡವುವುದಿಲ್ಲ ಅವನಿಗೆ.
ನಿನ್ನೆ ನೋಟ್‌ಬುಕ್ಕಿನಲ್ಲಿ, ನನ್ನ ದಿನಚರಿ ಎಂಬ ತಲೆಬರಹದ ಕೆಳಗೆ,
ದುಂಡಗೆ ಬರೆದಿದ್ದಾನೆ:
ನಾನು ದಿನಾ ಬಡಿಗೆ ಹೋಗುತ್ತೇನೆ.

ಕೆಂಪು ಪೆನ್ನು ಎತ್ತಿದೆ.
ಬಡಿಗೆ.
ತಿದ್ದಬೇಕು, ನಿಜ. ಶಾಲೆಗೆ ಎಂದು ಮೇಲೆ ಬರೆಯಬೇಕು.
ಪೆನ್ನು ಕೈಯಲ್ಲೇ ಇದೆ.
ಹೊರಗೆ ಸೆಲ್ವಿಯಕ್ಕ ತಟ್ಟೆ ಬಡಿಯುತ್ತಿದ್ದಾಳೆ,
ಊಟಕ್ಕೆ.