ಠಣ್

ಬೋಳೂರಿನ ಹೊಳೆಬದಿ,
ಹೆಂಚಿನ ಕಾರ್ಖಾನೆ ಮುಚ್ಚಿ ಇಪ್ಪತ್ತೆರಡು ವರ್ಷ.
ಹಸಿ ಹೆಂಚು ಒಣಗುತ್ತಿದ್ದ ಉದ್ದನೆಯ ಶೆಡ್ಡಿನಲ್ಲಿ
ಈಗ ಬಿಳಿ ಯಂತ್ರ, ಐದು ಅಕ್ಷಗಳಲ್ಲಿ ತಿರುಗುವಂಥದು,
ಪಣಂಬೂರಿನಿಂದ ಬರುವಾಗ ಕೂಳೂರು ಸೇತುವೆಯ ಮೇಲೆ
ಒಂದೂವರೆ ತಾಸು ಲಾರಿಯಲ್ಲೇ ನಿಂತು
ಹೊಳೆಯನ್ನು ನೋಡಿ ಬಂದದ್ದು.

ಉದ್ಘಾಟನೆಗೆ ಬರಬೇಕಾದವರು ಬರಲಿಲ್ಲ.
ಬಂದವರು, ಬಾರದವರ ಬಗ್ಗೆ ಮಾತಾಡಿದರು.
ದೀಪ ಮೂರು ಸಲ ಆರಿತು; ಫ್ಯಾನಿನ ಮೇಲೆ ಗೂಬೆ ಕೂರಿಸಿದೆವು.
ಪ್ರಿನ್ಸಿಪಾಲರು ಹಸಿರು ಗುಂಡಿ ಒತ್ತಿದರು.
ಯಂತ್ರ ಅಲುಗಲಿಲ್ಲ.
ಪರದೆಯ ಮೇಲೆ ಕೆಂಪಗೆ: ಬಾಗಿಲು ತೆರೆದಿದೆ.
ಬಾಗಿಲು ಮುಚ್ಚಿತ್ತು, ಇಡೀ ಸಭೆ ನೋಡುವಂತೆ ಮುಚ್ಚಿತ್ತು.
ಮೂವತ್ತು ವರ್ಷ ಬಂದರಿನಲ್ಲಿ ಬೋಟಿನ ಶಾಫ್ಟು ಕಡೆದವನು ನಾನು,
ಪುಣೆಯಲ್ಲಿ ಆರು ವಾರ ಕಲಿತು ಮಾಷ್ಟ್ರಾದವನು.
ಹೊಸ ಅಂಗಿಯೊಳಗೆ ಬೆವರು
ಯಾವ ಅಕ್ಷದಲ್ಲಿ ಇಳಿಯಿತೋ.

ಕೊನೆಯ ಸಾಲಿನಿಂದ ಚಿತ್ರಾಕ್ಷಿ ಎದ್ದು ಬಂದಳು.
ಹದಿನೆಂಟು ಮಂದಿಯಲ್ಲಿ ಹಿರಿಯಳು, ನಲವತ್ನಾಲ್ಕು.
ಬಾಗಿಲ ಸಂದಿಗೆ ಉಗುರು ತೂರಿಸಿ
ಸೇವಂತಿಗೆಯ ಒಂದು ಎಸಳು ಹೊರತೆಗೆದಳು.
ಬೆಳಿಗ್ಗೆ ನಾವೇ ಹಾಕಿದ ಹಾರದ್ದು.

ಮರುದಿನ ಪಾಠ.
ತಲೆಯಿಂದ ಒಂದೊಂದು ಕೂದಲು ಕಿತ್ತು ಅಳೆಯಿರಿ ಎಂದೆ.
ಅವಿಲ್ ಮೊಂತೇರೊ, ಎಪ್ಪತ್ತೆರಡು ಮೈಕ್ರಾನ್.
ಯಶೋಧರ ಎಂಬತ್ತು; ಜೆಲ್ ತೊಳೆದ ಮೇಲೆ ಎಪ್ಪತ್ತು.
ಬೆಂಗ್ರೆಯ ನಫೀಸತ್, ದೋಣಿ ದಾಟಿ ಬರುವವಳು,
ತಲೆವಸ್ತ್ರದ ಅಂಚಿನಿಂದ ನೂಲೆಳೆದು
"ಸರ್, ಇದು ಆಗ್ತದಾ?"
ಆಗ್ತದೆ. ನೂರಾ ಹತ್ತೊಂಬತ್ತು. ಬರೆದುಕೊಂಡೆ.
ನನ್ನ ತಲೆಯಲ್ಲಿ ಹುಡುಕಬೇಕಾಯಿತು.
ಚಿತ್ರಾಕ್ಷಿಯ ಕೂದಲು ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪು.
ಎರಡೂ ಕಡೆ ಅಳೆದಳು, ಒಂಬತ್ತು ಮೈಕ್ರಾನ್ ವ್ಯತ್ಯಾಸ.
"ಇದು ಬಣ್ಣದ್ದಾ, ಪ್ರಾಯದ್ದಾ?"
ಗೊತ್ತಿಲ್ಲ ಎಂದೆ.
ಮೊದಲ ಪಾಠದಲ್ಲೇ ಗೊತ್ತಿಲ್ಲ ಎಂದ ಮಾಷ್ಟ್ರು.

ಇದರ ಹತ್ತರಲ್ಲೊಂದು ಪಾಲು ತಪ್ಪಿದರೂ ಮಾಲು ವಾಪಸು ಎಂದೆ.
ಸುಮ್ಮನಾದರು.
ಹೊಳೆಯಲ್ಲಿ ಒಂದು ಬೋಟು ಹೋಯಿತು.
ಕಿವಿ, ನನ್ನನ್ನು ಕೇಳದೆಯೇ, ಹೇಳಿತು:
ಬೇರಿಂಗು ಸವೆದಿದೆ.

ಮೂರನೆಯ ವಾರ, ನಮ್ಮ ಮೊದಲ ಮಾಲು.
ಬೋಟಿನ ಪಂಪಿನ ಒಂದು ಚಕ್ರ, ಅಂಗೈಯಗಲ,
ಎರಕದ ಅಲ್ಯೂಮಿನಿಯಮ್ಮಿನಿಂದ
ಸಿಪ್ಪೆ ಸುಲಿದ ಹಾಗೆ ಹೊರಬಂತು.
ಅಳತೆಯ ಮುಳ್ಳು ಮುಟ್ಟಿ ನೋಡಿ ಹಸಿರು ತೋರಿತು.
ಪ್ರಿನ್ಸಿಪಾಲರು ಆಗಲೇ ಗಾಜಿನ ಕಪಾಟು ತರಿಸಿದ್ದರು.

ಚಿತ್ರಾಕ್ಷಿ ಅದನ್ನು ಒಂದು ಬೆರಳಲ್ಲಿ ನೇತಾಡಿಸಿ
ಗೆಣ್ಣಿನಿಂದ ತಟ್ಟಿದಳು.
ಹದಿನೇಳರಿಂದ ಇದೇ ಶೆಡ್ಡಿನಲ್ಲಿ
ದಿನಕ್ಕೆ ಮೂರು ಸಾವಿರ ಹೆಂಚು ತಟ್ಟಿದವಳಂತೆ.
ಠಣ್ ಎಂದರೆ ಲಾರಿಗೆ,
ಡಬ್ ಎಂದರೆ ಹೊಳೆಬದಿಯ ರಾಶಿಗೆ.
ಅರ್ಜಿಯಲ್ಲಿ ಅನುಭವದ ಜಾಗದಲ್ಲಿ
ಗೆರೆ ಎಳೆದಿದ್ದಳು.

"ಸರ್, ಇದು ಡಬ್."

ಪರದೆ ಇನ್ನೂ ಹಸಿರಾಗಿಯೇ ಇತ್ತು.
ನಾನು ಕಪಾಟು ನೋಡಿದೆ. ಗರಗಸ ನೋಡಿದೆ.
ಕೊಯ್ದೆವು. ಎರಡು ಹೋಳು. ಒಳಗೆ ಏನೂ ಇಲ್ಲ,
ಕನ್ನಡಿಯಂಥ ಬಿಳಿ.
ಹುಡುಗರು ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು.
ಅವಳು ಎರಡನ್ನೂ ತಟ್ಟಿದಳು.
ಇದು ಪರವಾಗಿಲ್ಲ. ಇದು.

ಇನ್ನೊಮ್ಮೆ ಗರಗಸಕ್ಕೆ ಕೊಟ್ಟೆವು.
ಅರ್ಧ ಹೋಗಿತ್ತು,
ಕರೆಂಟು ಹೋಯಿತು.

ಜನರೇಟರಿಗೆ ಡೀಸೆಲ್ ತರಲು ಯಶೋಧರ ಓಡಿದ.
ಪರದೆ ಕಪ್ಪು. ಮಳೆಗಾಲದ ನಾಲ್ಕು ಗಂಟೆ, ಶೆಡ್ಡಿನೊಳಗೆ ಕತ್ತಲು.
ಯಾರೂ ಮಾತಾಡುತ್ತಿಲ್ಲ.
ಯಾರೋ ಮೇಜು ತಟ್ಟಿ ನೋಡುತ್ತಿದ್ದಾರೆ.
ಯಾರೋ ಕಬ್ಬಿಣದ ಕಂಬವನ್ನು.
ಇನ್ನ್ಯಾರೋ, ಮೆಲ್ಲಗೆ, ತಮ್ಮದೇ ಹಣೆಯನ್ನು.