ಉದ್ರಿ ಪುಸ್ತಕ

ಶಂಕರಘಟ್ಟದಲ್ಲಿ, ಕ್ಯಾಂಪಸ್ ಗೇಟಿನೆದುರು, ನಂದೊಂದು ಜೆರಾಕ್ಸ್ ಅಂಗಡಿ.
ಒಂದು ಬದಿಗೆ ಒಂದು ರೂಪಾಯಿ, ಎರಡೂ ಬದಿಗೆ ಒಂದೂವರೆ.
ಹದಿನೇಳು ವರ್ಷದಿಂದ ಕಾಗದ ಮುಟ್ಟುತ್ತೇನೆ, ಓದುವುದಿಲ್ಲ.
ಓದುತ್ತ ಕೂತರೆ ಕ್ಯೂ ಗೇಟಿನವರೆಗೆ ಬೆಳೆಯುತ್ತದೆ.

ಸಂಜೆ ಏಳಕ್ಕೆ ಬಂದರು, ನಾಲ್ವರು.
ಸೊರಬದ ಕಡೆಯ ತೀರ್ಥೇಶ, ದುಪಟ್ಟಾ ಬಿಗಿದ ರುಹೀನಾ,
ಹೆಸರು ಗೊತ್ತಿಲ್ಲದ ಇಬ್ಬರು;
ಒಬ್ಬನ ಚಪ್ಪಲಿಯ ಉಂಗುಷ್ಟ ಕಿತ್ತು, ಪಿನ್ನು ಚುಚ್ಚಿತ್ತು.
"ಜಲಜಕ್ಕ, ಮೂವತ್ತೆಂಟು ಪುಟ. ಹತ್ತು ಪ್ರತಿ. ಬೆಳಗಾಗುವುದರೊಳಗೆ."

ಪಟ್ಟಿ. ಕ್ರಮಸಂಖ್ಯೆ, ಹೆಸರು, ವಯಸ್ಸು.
ಎಲ್ಲೋ ದೂರದ ಯುದ್ಧದ್ದು. ಆ ಊರಿನ ಹೆಸರು
ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ, ಎರಡು ಸಲ ಕೇಳಿದೆ.
ಮೆಷಿನ್ನಿನ ಹಸಿರು ಬೆಳಕು ಒಂದೊಂದು ಪುಟದ ಕೆಳಗೂ
ಹೋಗಿ ಬಂತು, ಹೋಗಿ ಬಂತು,
ಯಾರೋ ಟಾರ್ಚು ಹಿಡಿದು ಹುಡುಕುವ ಹಾಗೆ.

ಒಂಬತ್ತನೇ ಪುಟದಲ್ಲಿ ನಿಲ್ಲಿಸಿದೆ.
"ಟೈಪ್ ಮಾಡಿದವರು ತಪ್ಪು ಮಾಡಿದ್ದಾರೆ ಮಾರಾಯ್ರ,
ವಯಸ್ಸಿನ ಕಡೆ ಸೊನ್ನೆ ಬಿದ್ದಿದೆ. ಇಲ್ಲೂ. ಇಲ್ಲಿ ನೋಡಿ, ಇಲ್ಲೂ."
ರುಹೀನಾ ನನ್ನ ಕಡೆ ನೋಡಲಿಲ್ಲ.
"ತಪ್ಪಲ್ಲ ಅಕ್ಕ. ವರ್ಷ ತುಂಬಿರಲಿಲ್ಲ."

ಪಟ್ಟಿ ಅಂದರೆ ಏನಂತ ನನಗೆ ಗೊತ್ತು.
ಅಜ್ಜನ ಟ್ರಂಕಿನಲ್ಲಿ ಮುಳುಗಡೆ ಪಟ್ಟಿಯಿತ್ತು,
ಶರಾವತಿ ನೀರು ಏರುವ ಮುಂಚೆ ಬರೆದದ್ದು:
ಮನೆ ಒಂದು, ಎಮ್ಮೆ ನಾಲ್ಕು, ಹಲಸಿನ ಮರ ಎರಡು.
ಲಾರಿ ತಂದು ಈ ಕಾಡಲ್ಲಿ ಇಳಿಸಿ ಹೋಯಿತು.
ನಮ್ಮ ಪಟ್ಟಿಯವರು ಬದುಕಿದ್ದರು, ಬೈಯುತ್ತಿದ್ದರು, ಗಂಜಿ ಕೇಳುತ್ತಿದ್ದರು.
ಅದನ್ನು ಇದಕ್ಕೆ ಹೋಲಿಸಬಾರದು, ಗೊತ್ತು.
ಕೈಗೆ ಗೊತ್ತಿಲ್ಲ. ಕೈಗೆ ಕಾಗದದ ತೂಕ ಒಂದೇ.

ಇನ್ನೊಂದು ಹೇಳಬೇಕು, ಹೇಳದೆ ನಿದ್ದೆಯಿಲ್ಲ.
ಹೋದ ಜೂನ್‌ನಲ್ಲಿ ಆಫೀಸಿನ ದಿವಾಕರಯ್ಯ
ಒಂದು ಒಪ್ಪಂದ ತಂದಿದ್ದರು, ಐದು ಪ್ರತಿ, ಸ್ಪೈರಲ್ ಬೈಂಡಿಂಗು.
ಡ್ರೋನಿನ ಬಿಡಿಭಾಗ ಮಾಡುವ ಕಂಪನಿಯಂತೆ,
ಲ್ಯಾಬು ಕಟ್ಟಿಸಿಕೊಡುತ್ತದಂತೆ.
ಈ ಹುಡುಗರು ಬೇಡ ಅನ್ನುತ್ತಿರುವುದು ಅದನ್ನೇ.
ಅದರ ಮೂಲೆ ತಟ್ಟಿ, ಪ್ಲಾಸ್ಟಿಕ್ ಹೊದಿಕೆ ಹಾಕಿ
ಚಂದ ಮಾಡಿ ಕೊಟ್ಟಿದ್ದು ನಾನು.

ಮೂವತ್ತೊಂದನೇ ಪುಟಕ್ಕೆ ಟೋನರ್ ಮುಗಿಯಿತು.
ಹೆಸರು ಬೂದಿ ಬಣ್ಣವಾಯಿತು, ಆಮೇಲೆ ನೆರಳು,
ಆಮೇಲೆ ಬರೀ ಕಾಗದ.
ಡಬ್ಬಿ ತೆಗೆದು ಅಲ್ಲಾಡಿಸಿದೆ, ಬೆನ್ನಿಗೆ ಗುದ್ದಿದೆ.
ಭದ್ರಾವತಿಯ ಅಂಗಡಿ ತೆರೆಯುವುದು ಹತ್ತಕ್ಕೆ.
"ಬಿಡಿ ಅಕ್ಕ" ಅಂದು ನೆಲದ ಮೇಲೆ ಕೂತರು.
ಹಾಸ್ಟೆಲಿನಿಂದ ಇನ್ನೂ ಹನ್ನೊಂದು ಜನ ಬಂದರು.
ಮಾಸಿದ ಹೆಸರಿನ ಮೇಲೆ ಪೆನ್ನಿನಲ್ಲಿ ಹೆಸರು ಬರೆದರು.

ನಾನೂ ಬರೆದೆ. ಏಳನೇ ಕ್ಲಾಸಿನ ನಂತರ
ಲೆಕ್ಕ ಬಿಟ್ಟು ಬೇರೇನೂ ಬರೆದವಳಲ್ಲ.
"ಈ ಹೆಸರು ಹೆಣ್ಣಿಂದೋ ಗಂಡಿಂದೋ?"
ಅವರಿಗೂ ಗೊತ್ತಿರಲಿಲ್ಲ.
ನನ್ನ ಒತ್ತಕ್ಷರ ಕೆಳಗಿನ ಸಾಲಿಗಿಳಿದು
ಇನ್ನೊಂದು ಮಗುವಿನ ತಲೆ ಮುಟ್ಟಿತು. ಹಾಗೇ ಬಿಟ್ಟೆ.

ರಾತ್ರಿ ಒಂಬತ್ತೂವರೆಗೆ ದಿವಾಕರಯ್ಯನ ಬೈಕು.
"ಸುತ್ತೋಲೆ. ಧರಣಿ ನಿಷೇಧ. ಇಪ್ಪತ್ತು ಪ್ರತಿ, ಅರ್ಜೆಂಟು."
ಟೋನರ್ ಇಲ್ಲ ಅಂದೆ.
ಇಷ್ಟು ಖುಷಿಯಿಂದ ಸತ್ಯ ಹೇಳಿದ್ದು ನೆನಪಿಲ್ಲ.
ಅವರು ನೆಲದ ಕಡೆ ನೋಡಿದರು, ತುಂಬ ಹೊತ್ತು.
"ಊಟ ಆಯ್ತೇನ್ರೋ?" ಅಂದರು. ಹೋದರು.

ಬೆಳಿಗ್ಗೆ ಆಡಳಿತ ಕಟ್ಟಡದ ಮೆಟ್ಟಿಲ ಮೇಲೆ ಓದತೊಡಗಿದರು.
ಮೈಕಿಗೆ ಅನುಮತಿಯಿಲ್ಲ. ಹೆಸರು ಅಂಗಡಿವರೆಗೆ ಬರಲಿಲ್ಲ,
ವಯಸ್ಸು ಮಾತ್ರ ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು, ಕೇಳಿತು:
ಆರು. ಹನ್ನೊಂದು. ಸೊನ್ನೆ. ನಾಲ್ಕು. ಸೊನ್ನೆ.

ದುಡ್ಡು ಸಾಲದೆ ಉದ್ರಿ ಹೇಳಿ ಹೋಗಿದ್ದರು.
ಪುಸ್ತಕ ತೆಗೆದೆ. ತಾರೀಕು, ಪುಟ, ಪ್ರತಿ, ಮೊತ್ತ.
ಸಾಲ ಯಾರದ್ದು ಅನ್ನುವಲ್ಲಿ ಪೆನ್ನು ನಿಂತಿತು.
ಒಬ್ಬ ಬಂದ, ಆಧಾರ್ ಕಾರ್ಡು, ಎರಡೂ ಬದಿ.
ಹತ್ತರ ಮೇಲೆ ಬಾರಪ್ಪ ಅಂದು ಕಳಿಸಿ
ಬಾಗಿಲು ಅರ್ಧ ಎಳೆದು
ಮೆಟ್ಟಿಲ ಕಡೆ ನಡೆದೆ.