ನಗೆಹಳ್ಳ

ಬೋರ್ಡಿಗೆ ನೂರು ಪದ ಸಾಕು ಅಂದರು ಅಸೋಸಿಯೇಷನ್ನಿನವರು,
'ಈ ಉದ್ಯಾನದ ಇತಿಹಾಸ', ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು.
ನಾನು ಮರಗಣತಿಗೆ ಬಂದವಳು,
ಕಾಂಡಕ್ಕೆ ನಂಬರು ಬರೆಯುವುದಷ್ಟೇ ನನ್ನ ಕೆಲಸ.
ನಮ್ಮ ಮುತ್ತಜ್ಜ ಇಲ್ಲೇ ಮಾಲಿಯಾಗಿದ್ದನೆಂದು
ಬಾಯಿ ಜಾರಿದ್ದೇ ತಪ್ಪಾಯಿತು.

ಮೊದಲು ಹೊಲ. ರಾಗಿ, ಅವರೆ, ಅಂಚಿಗೆ ಹುಚ್ಚೆಳ್ಳು,
ಕೆರೆ ಕೋಡಿ ಹರಿದರೆ ನೀರು ಹಾದುಹೋಗಲು
ಯಾರೂ ಉಳದೆ ಬಿಟ್ಟ ಒಂದು ತಗ್ಗು.
ಆಮೇಲೆ ದೊರೆ ಬಂದ. ಕಿಲ್‌ಮೋರ್ ಎಂದು
ಅವನ ಊರಿನ ಹೆಸರೋ ಹೆಂಡತಿಯ ತವರಿನದೋ
ಗೇಟಿನ ಕಂಬದಲ್ಲಿ ಕೆತ್ತಿಸಿದ.
ಹದಿನೆಂಟು ಎಕರೆ, ನಡುವೆ ಬಂಗಲೆ,
ಬಂಗಲೆಯ ಮುಂದೆ ಹುಲ್ಲು.
ದನ ಮೇಯಬಾರದ ಹುಲ್ಲು!
ನಾಗವಾರದಿಂದಲೂ ಜನ ನೋಡಲು ಬಂದರಂತೆ.

ದೊರೆಸಾನಿ ವರಾಂಡದಲ್ಲಿ ಕೂತರೆ
ಬೇಲಿ ಕಣ್ಣಿಗೆ ಬೀಳಬಾರದು,
ಕೆರೆ ಕಾಣಬೇಕು, ಕೆರೆಯಂಚಿನ ದನ ಕಾಣಬೇಕು,
ದನ ಮಾತ್ರ ಒಳಗೆ ಬರಬಾರದು.
ಅದಕ್ಕೆಂದೇ ಆ ತಗ್ಗನ್ನು ತೋಡಿಸಿದರು:
ಈಚೆಗೆ ನೆಲದೊಳಗೇ ನಿಂತ ಕಲ್ಲುಗೋಡೆ,
ಆಚೆಗೆ ಇಳಿಜಾರು.
ದೊರೆ ಅದನ್ನು 'ಹಾಹಾ' ಅನ್ನುತ್ತಿದ್ದ.
ದೊಡ್ಡಮುನಿಯಪ್ಪ ಸಂಜೆ ಮನೆಗೆ ಬಂದು,
'ನಗೋದಕ್ಕೂ ಹಳ್ಳ ತೋಡಿಸ್ತಾರೆ ಕಣೇ' ಅಂದ.
ಅವತ್ತಿನಿಂದ ಅದು ನಗೆಹಳ್ಳ.

ಹಡಗಿನಲ್ಲಿ ಬೀಜ ಬಂತು. ಮುಗ್ಗಿದ್ದೇ ಜಾಸ್ತಿ.
ಹುಟ್ಟಿದ್ದಕ್ಕೆಲ್ಲ ಅವನ ನಾಲಿಗೆಯಲ್ಲಿ ಮರುನಾಮಕರಣ:
ಡೇಲಿಯಾ ದಾಳಿಹೂವು,
ಹಾಲಿಹಾಕ್ ಹೊಳೆಹಕ್ಕಿ.
ನಾನು ಶಾಲೆಗೆ ಹೋಗುವವರೆಗೂ ನಮ್ಮನೆಯಲ್ಲಿ
ಹೊಳೆಹಕ್ಕಿ ಎಂದರೆ ಹಕ್ಕಿಯಾಗಿರಲಿಲ್ಲ.

ಮಳೆ ತಪ್ಪಿದ ವರ್ಷವೂ ಹುಲ್ಲಿಗೆ
ದಿನಕ್ಕೆ ನಲವತ್ತು ಬಾನಿ ಕಪಿಲೆ ನೀರು.
ಲೆಕ್ಕದ ಪುಸ್ತಕದಲ್ಲಿ ಎತ್ತುಗಳ ಹೆಸರಿದೆ, ಬಸವ, ಚೆನ್ನ.
ಅವನದು 'ಮಾಲಿ, ಒಂದು'.
ಪ್ಲೇಗಿಗೆ ಹೆದರಿ ದೊರೆ ನೀಲಗಿರಿ ಹತ್ತಿದಾಗ
ಸಂಪಂಗಮ್ಮ ಗುಲಾಬಿ ಮಡಿಯ ಸಂದಿಯಲ್ಲಿ
ದಂಟಿನ ಬೀಜ ಎರಚಿದಳು.
ಏಳು ತಿಂಗಳು ಆರು ಮನೆ ಉಂಡವು.
ಗುಲಾಬಿಯೂ ಸಾಯಲಿಲ್ಲ. ಇದು ಬೋರ್ಡಿಗೆ ಬೇಡವಂತೆ.

ಆಮೇಲೆ ಕಂಟ್ರಾಕ್ಟರ್ ವಡಿವೇಲು ಮೊದಲಿಯಾರ್,
ಸಿಮೆಂಟಿನ ಕೊಕ್ಕರೆ, ಅದರ ಬಾಯಿಂದ ಚಿಮ್ಮುವ ನೀರು.
ಫಲಪುಷ್ಪ ಪ್ರದರ್ಶನದಲ್ಲಿ ಹೂಕೋಸಿಗೆ ಬೆಳ್ಳಿ ಕಪ್ಪು.
ಫೋಟೊದಲ್ಲಿ ಮೊದಲಿಯಾರ್ ಇದ್ದಾರೆ, ಕಪ್ಪಿದೆ, ಕೋಸಿದೆ,
ಎಡತುದಿಯಲ್ಲಿ ನಮ್ಮಜ್ಜನ ಅರ್ಧ ಭುಜ.

ಮಕ್ಕಳು ಕೋರ್ಟಿಗೆ ಹೋದರು. ಇಪ್ಪತ್ತೆರಡು ವರ್ಷ ಬೀಗ.
ಲಂಟಾನ ಬೆಳೆಯಿತು, ಮುಂಗುಸಿ ಬಂತು,
ಕೊಕ್ಕರೆಯ ಕುತ್ತಿಗೆಗೆ ತೊಂಡೆಬಳ್ಳಿ.
ನಾವು ಗೋಡೆ ಹಾರಿ ಹುಣಸೆ ಕದ್ದೆವು.
ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ:
ತೋಟ ಅತಿ ಚೆನ್ನಾಗಿದ್ದದ್ದು ಆವಾಗಲೇ.

ಈಗ ಎಂಟು ಬ್ಲಾಕು, ಉಳಿಸಿದ ಮರ ಹನ್ನೊಂದು.
ಕಳೆದ ಸೆಪ್ಟೆಂಬರಿನಲ್ಲಿ ಮೂರು ರಾತ್ರಿ ಮಳೆಗೆ
ಬೇಸ್‌ಮೆಂಟಿನಲ್ಲಿ ಕಾರುಗಳು ತೇಲಿದವು.
ನೀರು ಬಂದ ದಾರಿಗೆ ನಾನು ಸುಣ್ಣದ ಗೆರೆ ಎಳೆದು ತೋರಿಸಿದೆ.
ಜಿಮ್ಮಿನ ಕೆಳಗೆ ಕಲ್ಲುಗೋಡೆ ಇನ್ನೂ ಇದೆ,
ದನವನ್ನು ತಡೆಯಲು ಕಟ್ಟಿದ್ದು,
ಕೆರೆಗೆ ಅದು ಯಾವ ಲೆಕ್ಕ.

ಬರೆದುಕೊಟ್ಟ ನೂರರಲ್ಲಿ ಬಹಳಷ್ಟು ಹೊಡೆದುಹಾಕಿದರು.
ಹೊಳೆಹಕ್ಕಿಯನ್ನು ಕಾಗುಣಿತ ತಪ್ಪೆಂದು ತಿದ್ದಿದರು.
ನಗೆಹಳ್ಳದ ಮೇಲೆ ಕಾರ್ಯದರ್ಶಿಗಳ ಪೆನ್ನು ನಿಂತಿತು,
'ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರಮ್ಮ?'
'ಹಾಹಾ' ಅಂದೆ.
'ತಮಾಷೆ ಬೇಡ' ಅಂದರು.

ಹೊರಗೆ ಹನಿ ಶುರುವಾಗಿತ್ತು.
ಮಳೆಮರದ ಮೇಲೆ ಬೆಳಿಗ್ಗೆ ಬರೆದ ಏಳು
ಒಣಗದೆ, ತೊಗಟೆಯ ಸೀಳಿನಲ್ಲಿ
ಕೆಳಗಿಳಿಯುತ್ತಿತ್ತು.